ದಿನಾ ಕಡಲು ನೋಡಿ ಬೋರ್ ಆಗಲ್ವಾ?

ಮನೆ ಮರವಂತೆಯಲ್ಲಿ ಎಂದ ಕೂಡಲೇ ಎದುರಿನವರ ಮುಖ ಅರಳುತ್ತದೆ. "ಓ, ಆ ರಸ್ತೆ! ಒಂದ್ಕಡೆ ಸಮುದ್ರ, ಒಂದ್ಕಡೆ ನದಿ!" ಎನ್ನುತ್ತಾರೆ. ಮೊಬೈಲಿನಲ್ಲಿ ಹುಡುಕಿ ತಾವು ತೆಗೆದ ಫೋಟೋ ತೋರಿಸುತ್ತಾರೆ. ಆಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ದಿನಾ ನೋಡಿ ನೋಡಿ ನಿಮಗೆ ಬೋರ್ ಆಗಲ್ವಾ?" ಮದುವೆಮನೆಯಲ್ಲಿ ಪಕ್ಕ ಕೂತವರು, ಬಸ್ಸಿನಲ್ಲಿ ಪರಿಚಯವಾದವರು, ಬೆಂಗಳೂರಿನ ನೆಂಟರು, ಎಲ್ಲರೂ ಕೇಳಿದ್ದಾರೆ. ನಿಂತಲ್ಲೇ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲ, ಬೋರ್ ಆಗುವುದಿಲ್ಲ. ನೀವು ಹತ್ತು ನಿಮಿಷ ಕಾರು ನಿಲ್ಲಿಸಿ ನೋಡಿದ ಕಡಲು ಮುಂದಿನ ತಿಂಗಳು ಅಲ್ಲಿರುವುದಿಲ್ಲ.

ಹೊಯ್ಗೆಯ, ಅಂದರೆ ಮರಳಿನ, ವಿಷಯವನ್ನೇ ತೆಗೆದುಕೊಳ್ಳಿ. ಡಿಸೆಂಬರಿನಲ್ಲಿ ಬಂದು ಮರಳಿನ ಮೇಲೆ ಓಡಾಡಿ ಹೋದವರು ಜುಲೈಯಲ್ಲಿ ಬಂದರೆ, ಬೀಚ್ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಬೀಚ್ ಕಡಲೊಳಗೆ ಹೋಗಿರುತ್ತದೆ. ಮಳೆಗಾಲದ ತೆರೆಗಳು ಎತ್ತರ, ಒಂದರ ಬೆನ್ನಿಗೇ ಇನ್ನೊಂದು. ದಡಕ್ಕೆ ಬಡಿದು ಹಿಂದೆ ಸರಿಯುವಾಗ ಹೊಯ್ಗೆಯನ್ನು ಕೆರೆದುಕೊಂಡು ಹೋಗಿ, ತುಸು ದೂರದಲ್ಲಿ ನೀರಿನಡಿ ದಿಬ್ಬ ಹಾಕುತ್ತವೆ. ಆ ದಿಬ್ಬ ಸುಮ್ಮನೆ ಬಿದ್ದಿರುವುದಿಲ್ಲ. ದೊಡ್ಡ ತೆರೆಗಳು ಅಲ್ಲೇ ಎಡವಿ ಒಡೆಯುವುದರಿಂದ ದಡಕ್ಕೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಸೆಪ್ಟೆಂಬರ್ ಕಳೆದು ಕಡಲು ತಣಿದ ಮೇಲೆ ಬರುವ ಸಣ್ಣ, ನಿಧಾನದ ತೆರೆಗಳು ಅದೇ ಹೊಯ್ಗೆಯನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ತಂದು ಹಾಕುತ್ತವೆ.

ನಮ್ಮ ಮನೆಯ ಎದುರಿನ ತಡೆಗೋಡೆಯಲ್ಲಿ ಮೂಲೆ ಮುರಿದ ಒಂದು ಚಪ್ಪಟೆ ಕಲ್ಲಿದೆ. ಆಗಸ್ಟಿನಲ್ಲಿ ಅದರ ಕೆಳಗಿನ ಕಲ್ಲುಗಳೂ ಬರಿದಾಗಿ, ಪಾಚಿ ಹಿಡಿದು, ಸಂದಿಯಲ್ಲಿ ಏಡಿಗಳು ಹರಿದಾಡುತ್ತಿರುತ್ತವೆ. ಅಕ್ಟೋಬರಿನಲ್ಲಿ ಬುಡದ ಕಲ್ಲುಗಳು ಒಂದೊಂದಾಗಿ ಮುಚ್ಚತೊಡಗುತ್ತವೆ. ಜನವರಿಯ ಹೊತ್ತಿಗೆ ಆ ಚಪ್ಪಟೆ ಕಲ್ಲಿನ ಮುರಿದ ಮೂಲೆಯಷ್ಟೇ ಹೊಯ್ಗೆಯ ಮೇಲೆ ಕಾಣುತ್ತದೆ. ಅಮ್ಮ ಬೆಳಿಗ್ಗೆ ಹಾಲು ತರಲು ಹೋದವಳು ಅದನ್ನು ನೋಡಿಕೊಂಡೇ ಬರುವುದು. "ಈ ಸಲ ಹೊಯ್ಗಿ ಬೇಗ ಬಂತ್ ಕಾಣ್" ಎಂದಳೆಂದರೆ ಆ ದಿನ ಮನೆಯಲ್ಲಿ ಎಲ್ಲರ ಮನಸ್ಸೂ ಹಗುರ.

ಯಾಕೆಂದರೆ ಹೋದಷ್ಟು ಹೊಯ್ಗೆ ಎಲ್ಲ ವರ್ಷವೂ ವಾಪಸು ಬರುವುದಿಲ್ಲ. ಕಡಲ್ಕೊರೆತ ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಕಡಲ ಬದಿಯ ಮನೆಯಲ್ಲಿ ಮಲಗಿದವರಿಗೆ ಅದು ರಾತ್ರಿ ನೆಲದಡಿಯಿಂದ ಬರುವ ಗುದ್ದು. ಹೆದ್ದಾರಿ, ಮನೆ, ತೆಂಗಿನತೋಟ ಇಷ್ಟು ಹತ್ತಿರ ಇರುವಲ್ಲಿ ಕಲ್ಲು ಹಾಕದೆ ಬೇರೆ ದಾರಿಯಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕಲ್ಲಿನ ಗೋಡೆಗೆ ಬಡಿದ ತೆರೆ ಹಿಂದಕ್ಕೆ ಚಿಮ್ಮಿ ಗೋಡೆಯ ಬುಡದ ಹೊಯ್ಗೆಯನ್ನೇ ಕೊರೆಯುತ್ತದೆ. ಕಡಲೊಳಗೆ ಚಾಚಿದ ಕಲ್ಲಿನ ಸಾಲುಗಳು ಕಾಣುತ್ತವಲ್ಲ, ಜನ ಹತ್ತಿ ಸೆಲ್ಫಿ ತೆಗೆಯುವಂಥವು, ಅವು ಗ್ರಾಯ್ನ್‌ಗಳು. ದಡದ ಉದ್ದಕ್ಕೂ ಸರಿದು ಹೋಗುವ ಹೊಯ್ಗೆಯನ್ನು ಹಿಡಿದು ನಿಲ್ಲಿಸಲು ಮಾಡಿದ್ದು. ಒಂದು ಬದಿಯಲ್ಲಿ ಹೊಯ್ಗೆ ತುಂಬಿದರೆ ಇನ್ನೊಂದು ಬದಿಗೆ ಅಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಎಲ್ಲಿ ಇನ್ನೂ ಹೊಯ್ಗೆಯ ದಿಬ್ಬ, ಅದರ ಮೇಲೆ ಹಬ್ಬಿದ ಅಡುಂಬು ಬಳ್ಳಿ ಉಳಿದಿದೆಯೋ ಅಲ್ಲಿ ಅದನ್ನು ಕಿತ್ತು ಸಮತಟ್ಟು ಮಾಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬೇರು ಬಿಟ್ಟು ಹೊಯ್ಗೆ ಹಿಡಿದುಕೊಳ್ಳುವ ಆ ಬಳ್ಳಿಗೆ ನಾವು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ.

ಇದು ಪಡುಬದಿಯ ಕಥೆ. ಬಂದವರಲ್ಲಿ ಹೆಚ್ಚಿನವರು ಮೂಡುಬದಿಗೆ ಬೆನ್ನು ಹಾಕಿಯೇ ನಿಲ್ಲುತ್ತಾರೆ. ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರು ದಾಟಿ ಬಂದ ಸೌಪರ್ಣಿಕೆ ಇಲ್ಲಿ ಕಡಲಿನ ಮಗ್ಗುಲಿಗೇ ಬರುತ್ತಾಳೆ. ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66 ಮತ್ತು ಒಂದು ಪಟ್ಟಿ ಹೊಯ್ಗೆ. ಇಷ್ಟು ಹತ್ತಿರ ಬಂದವಳು ಇಲ್ಲಿ ಕಡಲಿಗೆ ಸೇರುವುದಿಲ್ಲ! ತೆಂಕಿಗೆ ತಿರುಗಿ, ಕುದ್ರುಗಳನ್ನು (ಹೊಳೆಯ ನಡುವಿನ ದ್ವೀಪಗಳನ್ನು) ಬಳಸಿಕೊಂಡು, ವಾರಾಹಿ, ಚಕ್ರಾ ಮುಂತಾದ ನದಿಗಳ ಜೊತೆಗೂಡಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತಾಳೆ. ಪಂಚಗಂಗಾವಳಿ ಎನ್ನುವುದು ಆ ಸಂಗಮವನ್ನೇ. ಕಡಲು ಅಷ್ಟು ದೂರದ ಅಳಿವೆಯಿಂದ ಒಳಬಂದು ನಮ್ಮ ಹೊಳೆಯನ್ನು ಮುಟ್ಟುತ್ತದೆ. ದಿನಕ್ಕೆರಡು ಸಲ ಉಬ್ಬರ ಬಂದಾಗ ಹೊಳೆಯ ನೀರು ಏರುವುದು ದಡದ ತೆಂಗಿನ ಬೇರಿನಲ್ಲಿ ಕಾಣುತ್ತದೆ. ಏಪ್ರಿಲ್, ಮೇ ಬಂತೆಂದರೆ ಮೇಲಿನಿಂದ ಸಿಹಿನೀರಿನ ಹರಿವು ಇಳಿದು ಉಪ್ಪು ಮೇಲಕ್ಕೆ ಏರುತ್ತದೆ. ಆಗ ಬಾವಿ ನೀರಿನ ರುಚಿ ನೋಡಿಯೇ ಕೊಡ ತುಂಬಿಸುವುದು. ಎರಡೂ ಬದಿ ನೀರು, ಕುಡಿಯುವುದಕ್ಕೆ ಮಾತ್ರ ತತ್ವಾರ.

ಕಿಟಕಿಯ ಸರಳು, ಗೇಟು, ಸ್ಕೂಟರು, ಫ್ರಿಜ್ಜು, ಎಲ್ಲಕ್ಕೂ ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಅದೆಲ್ಲ ರೂಢಿಯಾಗಿ ಹೋಗಿದೆ.

ರೂಢಿಯಾಗದ್ದು ಕಡಲಿನ ಬಣ್ಣ. ಮಳೆ ಹಿಡಿದ ಹೊಸತರಲ್ಲಿ ನದಿಗಳು ತಂದು ಸುರಿದ ಮಣ್ಣಿನಿಂದ ದಡದ ನೀರೆಲ್ಲ ಕೆಂಪಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಡಲೆಲ್ಲ ನಾಡದೋಣಿಯವರದ್ದು, ಅದೂ ಗಾಳಿ ಬಿಟ್ಟುಕೊಟ್ಟ ದಿನ ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ ನೀರಿಗೆ ಒಂದು ದಟ್ಟ ಹಸಿರು ಬರುತ್ತದೆ. ಮುಂಗಾರಿನ ದಿನಗಳಲ್ಲಿ ತಳದ ತಣ್ಣೀರು ಮೇಲೆದ್ದು ಬಂದು ಕಣ್ಣಿಗೆ ಕಾಣದ ಸಸ್ಯಜೀವಿಗಳಿಗೆ ಗೊಬ್ಬರವಾಗುತ್ತದೆ, ಆ ಹಸಿರು ಅವುಗಳದ್ದು, ಬಂಗುಡೆ ಬರುವುದೂ ಆ ಮೇವಿಗೇ. 2020ರ ನವೆಂಬರಿನಲ್ಲಿ ಉಡುಪಿ ಕರಾವಳಿಯ ಹಲವು ಕಡೆ ರಾತ್ರಿ ತೆರೆ ಒಡೆದಲ್ಲೆಲ್ಲ ನೀಲಿ ಬೆಳಕು ಮಿನುಗಿದ್ದು ನೆನಪಿದೆಯೇ? ಅದು ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿಯ ಕೆಲಸ. ಅಂಥ ವರ್ಷದಲ್ಲಿ ಬೋರ್ ಆಗುವುದಾದರೂ ಹೇಗೆ ಹೇಳಿ.

ಆಸಾಡಿ ಅಮಾಸಿಯ ದಿನವಂತೂ ಈ ಊರೇ ಬೇರೆ. ಕರ್ಕಾಟಕ ಅಮಾವಾಸ್ಯೆಯ ಆ ದಿನ ವರಾಹ ದೇವಸ್ಥಾನದಲ್ಲಿ ಜಾತ್ರೆ. ಸುರಿಯುವ ಮಳೆಯಲ್ಲಿ, ಕಡಲು ಅಬ್ಬರಿಸುವ ಹೊತ್ತಿನಲ್ಲೇ ಹೊಸದಾಗಿ ಮದುವೆಯಾದವರು, ಮೀನುಗಾರರು, ಕೃಷಿಕರು, ಎಲ್ಲರೂ ಬಂದು ಸಮುದ್ರಸ್ನಾನ ಮಾಡುತ್ತಾರೆ, ಹೊಳೆಯಲ್ಲೂ ಮೀಯುತ್ತಾರೆ. ಊರಿನ ಹಿರಿಯರು ಕಡಲಿನ ಕಡೆಗೇ ಕಣ್ಣಿಟ್ಟುಕೊಂಡು ಅಂಚಿನಲ್ಲೇ ಮುಳುಗೆದ್ದು ಬರುವ ರೀತಿ ನೋಡಬೇಕು. ಮೈ ಒದ್ದೆಯಾಗುವುದಕ್ಕೆ ಅಷ್ಟು ಸಾಕು.

ಈಜು ಬರುತ್ತದೆ ಎಂದು ಒಳಗೆ ಹೋಗುವವರಿಗೆ ಆ ಅಂಚು ಸಾಲುವುದಿಲ್ಲ. ಅವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ತೆರೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ತೆರೆ ಒಡೆಯದೆ ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ, ಅಲ್ಲಿ ಅಪಾಯವಿಲ್ಲ ಎಂದುಕೊಂಡು. ದಡಕ್ಕೆ ಬಂದ ನೀರೆಲ್ಲ ಕಡಲಿಗೆ ವಾಪಸಾಗುವ ದಾರಿ ಅದು, ನಿಂತವರನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಬನ್ನಿ, ಆಮೇಲೆ ತೆರೆಯ ಜೊತೆ ದಡಕ್ಕೆ ಬನ್ನಿ. ಮಳೆಗಾಲದಲ್ಲಿ ಇದೂ ಬೇಡ, ನೀರಿಗೆ ಇಳಿಯಲೇಬೇಡಿ. ತಡೆಗೋಡೆಯ ಕಲ್ಲುಗಳ ಮೇಲೂ ಹೋಗಬೇಡಿ. ಪಾಚಿ ಕಟ್ಟಿದ ಕಲ್ಲಿನಿಂದ ಜಾರಿ ಸಂದಿಗೆ ಬಿದ್ದವರನ್ನು ತೆರೆಗಳ ನಡುವೆ ಮೇಲೆತ್ತುವುದು ನುರಿತ ಮೀನುಗಾರರಿಗೂ ಕಷ್ಟ. ಸ್ಥಳೀಯರು ಕೂಗಿ ಕರೆದರೆ ದಯವಿಟ್ಟು ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಖುಷಿ ಕೆಡಿಸಲು ಯಾರೂ ಕೂಗುವುದಿಲ್ಲ.

ಬೋರ್ ಆಗುತ್ತದೋ ಇಲ್ಲವೋ ನೀವೇ ನೋಡಬೇಕೆಂದಿದ್ದರೆ ಒಂದೇ ವರ್ಷದಲ್ಲಿ ಎರಡು ಸಲ ಬನ್ನಿ, ಜುಲೈಯಲ್ಲೊಮ್ಮೆ, ಜನವರಿಯಲ್ಲೊಮ್ಮೆ. ಎರಡು ಸಲವೂ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಜನವರಿಯ ಸಂಜೆ ಸೂರ್ಯ ಮುಳುಗಿದ ಕೂಡಲೇ ಕಾರು ಹತ್ತದೆ ಹೊಳೆಯ ಕಡೆ ತಿರುಗಿ. ಆಕಾಶ ತಿಳಿಯಾಗಿದ್ದರೆ ತೆಂಗಿನ ಸಾಲಿನ ಆಚೆ ಕೊಡಚಾದ್ರಿಯ ಸಾಲು ಕಾಣುತ್ತದೆ. ಹಾಗೆ ತಿರುಗುವಾಗ ರಸ್ತೆ ದಾಟಬೇಕಾಗಿ ಬಂದರೆ ಮಕ್ಕಳ ಕೈ ಬಿಡಬೇಡಿ. ಕಡಲು ನೋಡುತ್ತಾ ಓಡಿಸುವ ಚಾಲಕರು ಇಲ್ಲಿ ಬಹಳ. ಕಾರನ್ನು ಹೆದ್ದಾರಿಯ ಅಂಚಿನಲ್ಲಿ ಅರ್ಧಂಬರ್ಧ ನಿಲ್ಲಿಸದೆ ಜಾಗವಿರುವಲ್ಲಿ ಪೂರ್ತಿ ಒಳಗೆ ತಂದು ನಿಲ್ಲಿಸಿ, ನೀರಿನ ಬಾಟಲಿಗಳನ್ನು ನಿಮ್ಮ ಜೊತೆಗೇ ಒಯ್ಯಿರಿ.