ಹಳೆ ಬಾವಿ ಮಾರುವ ದಿನವೇ ಮುಚ್ಚುವ ದುಡ್ಡು ಕೇಳಬೇಕು

ಕೆನಡಾದ ಕ್ಯಾಲ್ಗರಿಯಲ್ಲಿ ನನ್ನ ಕೆಲಸ, ಹಳೆ ತೈಲ ಬಾವಿಗಳನ್ನು ಮುಚ್ಚಲು ಎಷ್ಟು ಖರ್ಚಾಗುತ್ತದೆ ಅಂತ ಅಂದಾಜು ಹಾಕುವುದು. ಬಾವಿಗಳು ಮಾರಾಟಕ್ಕೆ ಬಂದಾಗ ನಮ್ಮ ಲೆಕ್ಕ ಬೇಕಾಗುತ್ತದೆ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಕಥೆ ಹೆಚ್ಚಾಗಿ ಒಂದೇ ಥರ. ದೊಡ್ಡ ಕಂಪನಿ ಬಾವಿ ಕೊರೆದು ಒಳ್ಳೆಯ ವರ್ಷಗಳ ತೈಲ ತೆಗೆಯುತ್ತದೆ. ಇಳುವರಿ ಬಿದ್ದ ಮೇಲೆ ಸಣ್ಣ ಕಂಪನಿಗೆ ಮಾರುತ್ತದೆ, ಅದು ಇನ್ನೂ ಸಣ್ಣದಕ್ಕೆ. ತೈಲದ ಬೆಲೆ ಕುಸಿದರೆ ಕೊನೆಯವರು ದಿವಾಳಿ.

ಮುಚ್ಚುವುದು ಅಂದರೆ ಸುಮ್ನೆ ಸಿಮೆಂಟ್ ಸುರಿಯುವುದಲ್ಲ. ಬಾವಿಯ ಒಳಗೋಡೆಯಾಗಿ ಇಳಿಸಿದ ಉಕ್ಕಿನ ಕೊಳವೆಗೆ ಕೇಸಿಂಗ್ ಅನ್ನುತ್ತಾರೆ. ಅದರ ಮೇಲ್ತುದಿಯಲ್ಲಿ ಗ್ಯಾಸ್ ಹೊರಬರಲು ಇರುವ ವೆಂಟ್‌ಗೆ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಡಬ್ಬಿಯಲ್ಲಿ 2.5 ಸೆಂ.ಮೀ. ಮುಳುಗಿಸಿ 10 ನಿಮಿಷ ನೋಡುತ್ತಾರೆ. ಗುಳ್ಳೆ ಬಂತೋ, ಒಳಗೆಲ್ಲೋ ಗ್ಯಾಸ್ ಸೋರುತ್ತಿದೆ. ಯಾವ ಆಳದಲ್ಲಿ ಅಂತ ಹುಡುಕಬೇಕು, ಕೇಸಿಂಗ್‌ಗೆ ತೂತು ಹೊಡೆದು ಒತ್ತಡದಲ್ಲಿ ಸಿಮೆಂಟ್ ತುಂಬಬೇಕು, ಮತ್ತೆ ಪರೀಕ್ಷೆ. ಆ ಗುಳ್ಳೆ ಕಂಡ ಕೂಡಲೇ ನನ್ನ ಅಂದಾಜು ಎಷ್ಟೋ ಪಟ್ಟು ಏರುತ್ತದೆ. ಅಷ್ಟು ದಿನ ರೈತ ಆ ಬಾವಿಯನ್ನು ಸುತ್ತಿ ಬಳಸಿ ಬಿತ್ತನೆ ಮಾಡುತ್ತಿರುತ್ತಾನೆ.

ವಾರಸುದಾರರಿಲ್ಲದ ಬಾವಿಗಳನ್ನು ಇಲ್ಲಿನ ಆರ್ಫನ್ ವೆಲ್ ಅಸೋಸಿಯೇಷನ್ ಮುಚ್ಚುತ್ತದೆ. ಅದಕ್ಕೆ ತೈಲ ಕಂಪನಿಗಳೇ ವಂತಿಗೆ ಕೊಡುತ್ತವೆ. ಆದರೆ ಅದು ಸಾಲಲಿಲ್ಲ. 2020ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಪಶ್ಚಿಮದ ಮೂರು ಪ್ರಾಂತ್ಯಗಳ ಬಾವಿಗಳಿಗೆ ಸುಮಾರು 170 ಕೋಟಿ ಡಾಲರ್ ಕೊಟ್ಟಿತು. ಜನರ ತೆರಿಗೆ ದುಡ್ಡು ಅಲ್ವಾ ಅದು? ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಆಲ್ಬರ್ಟಾದ ಸಣ್ಣ ತೈಲ ಕಂಪನಿ ರೆಡ್‌ವಾಟರ್ ಎನರ್ಜಿ 2015ರಲ್ಲಿ ದಿವಾಳಿಯಾದಾಗ, ಅದರ 127 ಆಸ್ತಿಗಳಲ್ಲಿ ಬೆಲೆ ಬಾಳುವ 20 ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೈಬಿಡಲು ರಿಸೀವರ್, ಅಂದರೆ ಅದರ ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರು, ಹೊರಟಿದ್ದರು. 2019ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. ಸಾಲ ಕೊಟ್ಟ ಬ್ಯಾಂಕ್‌ಗೆ ಹಣ ಹೋಗುವ ಮೊದಲು ಬಾವಿ ಮುಚ್ಚುವ ಹೊಣೆ ತೀರಬೇಕು ಎಂದಿತು. ಒಳ್ಳೆಯ ತೀರ್ಪು. ಆದರೆ ಪೆಟ್ಟಿಗೆಯೇ ಖಾಲಿಯಿದ್ದರೆ ತೀರ್ಪಿನಿಂದ ಯಾವ ಬಾವಿಯೂ ಮುಚ್ಚುವುದಿಲ್ಲ.

ಅದಕ್ಕೇ ನಾನು ಹೇಳುವುದು, ಲೈಸೆನ್ಸ್ ಕೈ ಬದಲಾಗುವ ದಿನವೇ ಮುಚ್ಚುವ ಪೂರ್ತಿ ಹಣ ಠೇವಣಿ ಆಗಬೇಕು. ಕೊಂಡವರು ಮುಳುಗಿದರೆ ಮಾರಿದವರನ್ನೂ ವಾಪಸ್ ಕರೆಯಬೇಕು. ಹೀಗೆ ಮಾರಿದವರನ್ನು ವಾಪಸ್ ಕರೆಯುವ ಕಾನೂನನ್ನು ಆಸ್ಟ್ರೇಲಿಯಾ ತನ್ನ ಸಮುದ್ರದ ಬಾವಿಗಳಿಗೆ 2021ರಲ್ಲಿ ಮಾಡಿತು. 'ಹಾಗಾದರೆ ಹಳೆ ಬಾವಿಗಳನ್ನು ಯಾರೂ ಕೊಳ್ಳುವುದಿಲ್ಲ' ಅನ್ನುತ್ತಾರೆ ನನ್ನ ಜೊತೆ ಕೆಲಸ ಮಾಡುವವರು. ಕೊಳ್ಳದಿದ್ದರೆ ಬೇಡ. ಒಳ್ಳೆಯ ವರ್ಷಗಳಲ್ಲಿ ಅದರಿಂದ ದುಡಿದುಕೊಂಡವರೇ ಮುಚ್ಚಲಿ.