ಬಗಲು ಬಿಚ್ಚಿದ ಮೇಷ್ಟ್ರು

ಫ್ಯಾಷನ್ ತರಗತಿಯಲ್ಲಿ ಬಟ್ಟೆ ಕತ್ತರಿಸುವ ನಕ್ಷೆ ಕಲಿಸುತ್ತಿದ್ದ ಪ್ಯಾಟರ್ನ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಬ್ಯಾಚಿನವರೆಲ್ಲ ನೆನೆದದ್ದು ಅವರ ಸಿಲೆಬಸ್ಸನ್ನಲ್ಲ, ಲಂಡನ್ನಿನ ಕ್ವಿಯರ್ (ಲೈಂಗಿಕ ಅಲ್ಪಸಂಖ್ಯಾತರ) ಕ್ಲಬ್ಬುಗಳ ಪಾಠವನ್ನು. ವಿಚಿತ್ರ ವೇಷಗಳಿಗೆ ಹೆಸರಾದ ಕಲಾವಿದ ಲೀ ಬೋವರಿ 1985ರಲ್ಲಿ ಲೆಸ್ಟರ್ ಸ್ಕ್ವೇರಿನಲ್ಲಿ ನಡೆಸಿದ ‘ಟಬೂ’ ಕ್ಲಬ್ ನೈಟ್ ಮೇಷ್ಟ್ರ ಬಾಯಲ್ಲಿ ಸದಾ ಇರುತ್ತಿತ್ತು. ಬೋವರಿಯ ವೇಷ ನೋಡಿ ಬಾಯಿ ಬಿಡಬೇಡಿ, ಒಳಗಿನ ಹೊಲಿಗೆ ನೋಡಿ ಎನ್ನುತ್ತಿದ್ದರು.

ಒಮ್ಮೆ ನಮ್ಮ ತರಗತಿಯ ಕೆಲವರು, ಮರುದಿನ ಒಪ್ಪಿಸಬೇಕಿದ್ದ ಮಸ್ಲಿನ್ ಅಂಗಿಗಳನ್ನೇ ತೊಟ್ಟು ರಾತ್ರಿಯಿಡೀ ಕುಣಿದು ಬಂದರು. ಎಲ್ಲದರ ಬಗಲೂ ಹರಿದಿತ್ತು. ಮೇಷ್ಟ್ರು ಬೈಯಲಿಲ್ಲ, ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರವಿದರು. ಕೈ ಇಳಿಬಿಟ್ಟು ನಿಂತವರ ಅಳತೆ ತೆಗೆದು ಕೈ ಎತ್ತಿ ಕುಣಿಯುವವರಿಗೆ ಹೊಲಿದರೆ ಹೀಗೇ ಆಗುತ್ತದೆ ಎಂದರು. ಬಗಲನ್ನು ಒಂದೂವರೆ ಸೆಂಟಿಮೀಟರ್ ಮೇಲಕ್ಕೆ ತರಬೇಕು, ತೋಳಿನ ಮೇಲ್ತುದಿಯ ಉಬ್ಬನ್ನು ತಗ್ಗಿಸಿ ಅಗಲ ಹೆಚ್ಚಿಸಬೇಕು. ಸಾಲದಿದ್ದರೆ ಕ್ರಾಸ್‌ನಲ್ಲಿ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿದ ಗಸೆಟ್ ಎಂಬ ತುಂಡನ್ನು ಬಗಲಲ್ಲಿ ಕೂರಿಸಬೇಕು. ಅದರ ಮೂಲೆ ಕೂರುವ ಜಾಗಕ್ಕೆ ಕತ್ತರಿ ಹಾಕುವ ಮೊದಲೇ ಚಿಕ್ಕ ಬಟ್ಟೆ ತುಂಡು ಕೊಟ್ಟು ಬಿಗಿ ಮಾಡಬೇಕು, ಹರಿಯುವುದು ಅಲ್ಲಿಂದಲೇ.

ಚಮ್ಕಿ ಬಟ್ಟೆಯಾದರೆ ಹೊಲಿಗೆ ಮಾರ್ಜಿನ್ನಿನ ಚಮ್ಕಿ ಮೊದಲು ಕಿತ್ತು ತೆಗೆಯಬೇಕು. ಇಲ್ಲವಾದರೆ ಸೂಜಿ ಮುರಿಯುತ್ತದೆ, ತೊಟ್ಟವರ ಮೈ ಗೀರುತ್ತದೆ. ಹಿಗ್ಗುವ ಲೈಕ್ರಾಕ್ಕೆ ಗುಂಡು ತುದಿಯ ಬಾಲ್‌ಪಾಯಿಂಟ್ ಸೂಜಿ, ಕಿರಿದಾದ ಜಿಗ್‌ಜಾಗ್. ನೇರ ಹೊಲಿಗೆ ಎಳೆದ ಕೂಡಲೇ ಪಟಪಟನೆ ಕಿತ್ತು ಬರುತ್ತದೆ. ಹೆಣ್ಣುವೇಷದ ಡ್ರ್ಯಾಗ್ ಕಲಾವಿದರಿಗಾದರೆ ಕಾರ್ಸೆಟ್, ಸೊಂಟದ ಪ್ಯಾಡ್, ಹೀಲ್ಸ್ ಎಲ್ಲ ಹಾಕಿಸಿದ ಮೇಲೆಯೇ ಟೇಪ್ ಹಿಡಿಯಬೇಕು. ಇವತ್ತಿನ ಮಕ್ಕಳು ಕಂಪ್ಯೂಟರಿನಲ್ಲಿ ಅಂಗಿ ತಿರುಗಿಸಿ ತೋರಿಸಿ ಅಂಕ ಪಡೆಯುತ್ತಾರೆ, ಅಲ್ಲಿ ಯಾರೂ ಬೆವರುವುದಿಲ್ಲ. ನಮ್ಮ ಬ್ಯಾಚಿನವರ ಬಗಲು ಹೊಲಿಗೆ ಮಾತ್ರ ಸುಲಭಕ್ಕೆ ಜಗ್ಗುವುದಿಲ್ಲ, ಜಂಬ ಎಂದರೂ ಸರಿ.

ಕ್ಲಬ್ಬಿನಲ್ಲೂ ಉಡುಪಿನ ಪಾಠವಿದೆ ಎಂಬ ಮೇಷ್ಟ್ರ ಮಾತಿಗೆ ಒಪ್ಪುವ ಉದಾಹರಣೆ ಆಮೇಲೆ ಬಂತು. ವಿನ್ಯಾಸಕ ಚಾರ್ಲ್ಸ್ ಜೆಫ್ರಿ ಲಂಡನ್ನಿನ ಕಲಾ ಕಾಲೇಜು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲಿ ಎಂ.ಎ. ಓದುತ್ತಲೇ 2014ರಲ್ಲಿ ಅದೇ ಊರಿನ ಡಾಲ್‌ಸ್ಟನ್ನಿನಲ್ಲಿ ‘ಲವರ್‌ಬಾಯ್’ ಕ್ಲಬ್ ನೈಟ್ ಆರಂಭಿಸಿದರು. ಅದರ ದುಡ್ಡು ಓದಿಗಾಯಿತು, ಹೆಸರು ಅವರ ಉಡುಪಿನ ಲೇಬಲ್ಲಿಗಾಯಿತು. 2017ರ ಫ್ಯಾಷನ್ ಅವಾರ್ಡ್ಸ್‌ನಲ್ಲಿ ಪುರುಷರ ಉಡುಪಿನ ಹೊಸ ಪ್ರತಿಭೆ ಎಂದು ಪ್ರಶಸ್ತಿಯೂ ಸಿಕ್ಕಿತು.

ಕ್ಲಬ್ಬಿನಲ್ಲಿ ಒಂದೇ ಒಂದು ವೇಷ ಸಾಕು, ಹಳೆಯ ಪರದೆಯಲ್ಲಾದರೂ ನಡೆದೀತು. ಅಂಗಡಿಯವರು ಅದನ್ನೇ ಐದು ಸೈಜಿನಲ್ಲಿ ನಲವತ್ತು ಕೇಳಿದಾಗ ಅಷ್ಟು ಪರದೆ ಎಲ್ಲಿ ಸಿಗುತ್ತದೆ? ಮತ್ತೆ ಮತ್ತೆ ಸಿಗುವ ಬಟ್ಟೆ ಬೇಕು, ಸೈಜುವಾರು ನಕ್ಷೆ ಹಿಗ್ಗಿಸಿ ಕುಗ್ಗಿಸುವ ಗ್ರೇಡಿಂಗ್ ಬೇಕು, ಸ್ವಂತ ಕೂಲಿಯೂ ಸೇರಿದ ಖರ್ಚಿನ ಎರಡರಷ್ಟಾದರೂ ಸಗಟು ಬೆಲೆ ಬೇಕು. ಬಟ್ಟೆಗೂ ಹೊಲಿಗೆಗೂ ತಿಂಗಳುಗಳ ಮೊದಲೇ ಹಣ ಸುರಿದಿರುತ್ತದೆ. ಅಂಗಡಿಯಿಂದ ಬರುವುದು ಮಾಲು ತಲುಪಿ 30 ಅಥವಾ 60 ದಿನಗಳ ಮೇಲೆ. ಕೈತುಂಬ ಆರ್ಡರ್ ಇದ್ದೂ ಲೇಬಲ್ಲುಗಳು ಮುಳುಗುವುದು ಈ ಎರಡರ ನಡುವಿನ ಅವಧಿಯಲ್ಲೇ. ಕಾಲುಭಾಗವಾದರೂ ಮುಂಗಡ ಬಾರದೆ ಬಟ್ಟೆಗೆ ಕತ್ತರಿ ಹಾಕಬೇಡಿ ಎಂದು ಮೇಷ್ಟ್ರು ಕಟಿಂಗ್ ಕ್ಲಾಸಿನಲ್ಲೇ ಹೇಳುತ್ತಿದ್ದರು.