ಫ್ಲಮೆಂಕೊ ಗಿಟಾರ್ ಅಭ್ಯಾಸ: ಸದ್ಯಕ್ಕೆ ಬರೀ ಕೊಂಪಾಸ್, ಬರೀ ಚಪ್ಪಾಳೆ

ಈ ತಿಂಗಳು ಗಿಟಾರ್ ಮುಟ್ಟಿದ್ದು ಕಡಿಮೆ. ಬೇಕಂತಲೇ ಹಾಗೆ ಮಾಡಿದ್ದು. ಹೊಸ ಫಾಲ್ಸೆತಾ, ಅಂದರೆ ಹಾಡಿನ ಸಾಲುಗಳ ನಡುವೆ ಗಿಟಾರ್ ಒಂದೇ ನುಡಿಸುವ ತುಣುಕು, ಒಂದನ್ನೂ ಕಲಿತಿಲ್ಲ. ಪೂರ್ತಿ ಸಮಯ ಹೋಗಿದ್ದು ಕೊಂಪಾಸ್‌ಗೆ, ಅಂದರೆ ತಾಳಕ್ಕೆ.

ಸ್ಪೇನ್‌ನ ಸಂಗೀತ ಪಾಠಗಳಲ್ಲಿ ಕೊಂಪಾಸ್ ಅಂದರೆ ಸ್ವರಲಿಪಿಯಲ್ಲಿ ಎರಡು ಗೆರೆಗಳ ನಡುವೆ ಬರುವ ಒಂದು ಭಾಗ, ಅಷ್ಟೇ. ಆದರೆ ದಕ್ಷಿಣ ಸ್ಪೇನ್‌ನ ಆಂಡಲೂಸಿಯಾದಲ್ಲಿ, ಹಾಡು, ಕುಣಿತ, ಗಿಟಾರ್ ಸೇರಿದ ಫ್ಲಮೆಂಕೊ ಕಲೆಯವರ ಬಾಯಲ್ಲಿ ಅದು ತಾಳದ ಇಡೀ ಆವರ್ತ, ಅದರ ಒತ್ತುಗಳು, ಅದರ ನಡೆ ಎಲ್ಲ ಸೇರಿದ್ದು. ಒಬ್ಬರಿಗೆ 'ಕೊಂಪಾಸ್ ಇದೆ' ಅಂದರೆ ದೊಡ್ಡ ಹೊಗಳಿಕೆ. ತಾಳ ಬಿಟ್ಟವರಿಗೆ 'ಫುಯೆರಾ ದೆ ಕೊಂಪಾಸ್' ಅನ್ನುತ್ತಾರೆ. ಆ ಮಾತು ಬಂದರೆ ಬೆರಳು ಎಷ್ಟು ಜೋರಾಗಿ ಓಡಿದರೂ ಪ್ರಯೋಜನ ಇಲ್ಲ.

ಶುರು ಮಾಡಿದ್ದು ಸೊಲೆಯಾ ಅನ್ನುವ ನಿಧಾನದ ಫ್ಲಮೆಂಕೊ ಪ್ರಕಾರದಿಂದ. 12 ಎಣಿಕೆ, ಒತ್ತು 3, 6, 8, 10, 12ರ ಮೇಲೆ. 1ಕ್ಕೆ ಒತ್ತೇ ಇಲ್ಲ! ಚಿಕ್ಕಂದಿನಿಂದ ಆದಿತಾಳ ಹಾಕಿದ ಕೈ ಸಮಕ್ಕೆ ಗಟ್ಟಿಯಾಗಿ ಬೀಳುತ್ತದೆ ಅಲ್ವಾ, ಅದನ್ನು ಇಲ್ಲಿ ತಡೆದು ಹಿಡಿಯಬೇಕು. ಸಾಲು ಬಂದು ಇಳಿಯುವುದು 10ರಲ್ಲಿ. ಗಿಟಾರ್‌ನಲ್ಲೂ ಹಾಗೇ, ಇ ಕಾರ್ಡಿನಿಂದ (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹೊರಡುವ ಸೊಲೆಯಾದ ಸರಳ ರೂಪದಲ್ಲಿ 3ಕ್ಕೆ ಎಫ್ ಕಾರ್ಡ್ ಬರುತ್ತದೆ, 10ಕ್ಕೆ ಮತ್ತೆ ಇ. ಈ ಹೋಗಿ ಬರುವ ದಾರಿ ಕಿವಿಗೆ ಸಿಕ್ಕಮೇಲೆ ಎಣಿಸುವ ಕೆಲಸ ಬಹಳ ಕಡಿಮೆಯಾಯಿತು. 10 ಹತ್ತಿರ ಬಂತು ಅಂತ ಎಣಿಸದೇ ಗೊತ್ತಾಗುತ್ತದೆ. ನನಗೆ ಇದು ದೊಡ್ಡ ಖುಷಿ.

ಆಮೇಲೆ ಬುಲೆರಿಯಾ, ವೇಗದ ಪ್ರಕಾರ, ಆಂಡಲೂಸಿಯಾದ ಹೆರೆಸ್ ಊರಿನ ಜೀವ. ಅಲ್ಲಿನ ಸಾಂತಿಯಾಗೊ ಮತ್ತು ಸಾನ್ ಮಿಗೆಲ್ ಕೇರಿಗಳು ಇದಕ್ಕೇ ಹೆಸರುವಾಸಿ. ಎಣಿಕೆ ಅದೇ 12, ಆದರೆ ಹೊರಡುವುದು 12ರಿಂದ. ಹಾಗಾಗಿ ಕಲಿಸುವವರು ಗಡಿಯಾರದ ಚಿತ್ರ ಬರೆದು ತೋರಿಸುತ್ತಾರೆ. ನಾನೂ ಒಂದು ಬರೆದು ಗೋಡೆಗೆ ಅಂಟಿಸಿದ್ದೇನೆ. 12, 3, 6, 8, 10 ಗುರುತು ಹಾಕಿದರೆ ಮೂರು, ಮೂರು, ಎರಡು, ಎರಡು, ಎರಡು ಅಂತ ಕಾಣುತ್ತದೆ. ಅದೇ ಚಿತ್ರದಲ್ಲಿ 8ರಿಂದ ಹೊರಟರೆ ಎರಡು, ಎರಡು, ಮೂರು, ಮೂರು, ಎರಡು, ಅಲ್ಲಿಗೆ ಸೆಗಿರಿಯಾ ಅನ್ನುವ ಇನ್ನೊಂದು ಪ್ರಕಾರ! ಗುರುತು ಒಂದೂ ಬದಲಾಗಿಲ್ಲ, ಹೊರಡುವ ಜಾಗ ಮಾತ್ರ ಬೇರೆ, ಆದರೆ ಕೇಳಿದರೆ ಒಂದು ಹಬ್ಬದ ಕುಣಿತ, ಇನ್ನೊಂದು ಎದೆ ಹಿಂಡುವ ನೋವು. ಇದನ್ನು ಕಂಡ ದಿನ ರಾತ್ರಿ ತುಂಬಾ ಹೊತ್ತು ಎರಡನ್ನೂ ಒಂದರ ಹಿಂದೆ ಒಂದು ತಟ್ಟುತ್ತಾ ಕೂತಿದ್ದೆ. (ಎಲ್ಲವೂ 12 ಅಲ್ಲ. ಟಾಂಗೋಸ್‌ಗೆ ನಾಲ್ಕು ಸಾಕು. ತಾರಾಂತಾ, ಗ್ರನಾಯಿನಾ ಥರದವು ತಾಳದ ಕಟ್ಟೇ ಇಲ್ಲದೆ ಬಿಡಿಯಾಗಿ ಹರಿಯುತ್ತವೆ.)

ಚಪ್ಪಾಳೆಗೆ ಪಾಲ್ಮಾಸ್ ಅಂತಾರೆ. ಎರಡು ಬಗೆ. ಅಂಗೈಗಳನ್ನು ಬಟ್ಟಲಿನಂತೆ ಬಗ್ಗಿಸಿ ಮೆತ್ತಗೆ ತಟ್ಟುವುದು ಸೋರ್ದಾಸ್, ಹಾಡುವವರ ದನಿ ಮುಚ್ಚಿಹೋಗಬಾರದು ಅನ್ನುವಾಗ ಇದು. ಒಂದು ಕೈಯ ಬೆರಳುಗಳನ್ನು ಇನ್ನೊಂದು ಅಂಗೈಗೆ ಚಟ್ ಅಂತ ಹೊಡೆಯುವುದು ಕ್ಲಾರಾಸ್. ಒಬ್ಬರು ಎಣಿಕೆಯ ಮೇಲೆ ತಟ್ಟಿದರೆ ಇನ್ನೊಬ್ಬರು ಸಂದಿನಲ್ಲಿ ತಟ್ಟುತ್ತಾರೆ. ಅದು ಕೊಂತ್ರಾತಿಯೆಂಪೊ. ಇಬ್ಬರೇ ಇದ್ದರೂ ಮನೆ ತುಂಬಿದ ಹಾಗೆ ಕೇಳುವುದು ಇದರಿಂದಲೇ.

ಸದ್ಯದ ಸ್ಥಿತಿ ಹೀಗಿದೆ. ಸೊಲೆಯಾ ಮೆಟ್ರೋನೋಮ್‌ನಲ್ಲಿ (ತಾಳ ಬಡಿಯುವ ಯಂತ್ರ) ನಿಮಿಷಕ್ಕೆ 90 ಬಡಿತಕ್ಕೆ ಗಟ್ಟಿಯಾಗಿ ಕೂತಿದೆ. ಬುಲೆರಿಯಾ 160ರವರೆಗೆ ಆರಾಮ. ನಿಜವಾದ ಬುಲೆರಿಯಾ 200 ದಾಟಿ ಓಡುತ್ತದೆ, ಅಲ್ಲಿ 6ರಿಂದ 8ಕ್ಕೆ ಹೋಗುವ ತಿರುವು ಇನ್ನೂ ಸಡಿಲ ಆಗಬೇಕು. ಕಾಲಲ್ಲಿ ಒತ್ತು ಹಾಕುತ್ತಾ ಕೈಯಲ್ಲಿ ಕೊಂತ್ರಾತಿಯೆಂಪೊ ತಟ್ಟುವುದು ನಿಧಾನದಲ್ಲಿ ಬರುತ್ತಿದೆ.

ಮುಂದಿನ ಕೆಲಸ, ಮೆಟ್ರೋನೋಮ್ 12ಕ್ಕೆ ಮಾತ್ರ ಬಡಿಯುವ ಹಾಗೆ ಇಟ್ಟು ನಡುವಿನ 11 ಎಣಿಕೆಯನ್ನು ನಾನೇ ಹಿಡಿದುಕೊಂಡು ಹೋಗುವುದು.